ಯುದ್ಧದ ಮಧ್ಯೆ ಹೊಸ ಫೈಟರ್ ವಿಮಾನ ಬಂದರೆ ನಿಜಕ್ಕೂ ಏನಾಗುತ್ತದೆ?

ಸಾಲಗಾಮೆ ರಸ್ತೆ ಹುಡುಗ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಕೊಟ್ಟರಲ್ಲ, ಅವತ್ತಿನಿಂದ ನಮ್ಮ ಹಾಸ್ಟೆಲಿನಲ್ಲಿ ಒಂದೇ ವಾದ. ತೇಜಸ್ ಮಾರ್ಕ್-1ಎ ಬಂದುಬಿಟ್ಟರೆ ಎಲ್ಲಾ ಸರಿಹೋಗುತ್ತದೆ ಅಂತ ಅರ್ಧ ಜನ. ಹೊಸ ವಿಮಾನ ಪಳಗುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ ಅಂತ ಇನ್ನರ್ಧ.

ವಿಡಿಯೋಗಳಲ್ಲಿ ನೋಡಿದರೆ ಬರೀ ವೇಗ, ಎತ್ತರ, ಎಷ್ಟು ಕ್ಷಿಪಣಿ ಹೊರುತ್ತದೆ ಅನ್ನುವ ಲೆಕ್ಕ. ನನಗೆ ಬೇಕಾಗಿರುವುದು ಅದಲ್ಲ. ಆ ಕಡೆ ಯುದ್ಧ ನಡೆಯುತ್ತಿದೆ, ಈ ಕಡೆಯಿಂದ ಹೊಸ ವಿಮಾನ ತಂದು ಗಡಿಗೆ ನಿಲ್ಲಿಸುತ್ತಾರೆ. ಮೊದಲ ಒಂದೆರಡು ವಾರ ಅಲ್ಲಿ ಏನು ನಡೆಯುತ್ತದೆ? ಹಿಂದೆ ಏನಾಗಿದೆ? ಇಲ್ಲಿ ವಾಯುಪಡೆಯಲ್ಲಿ, ಎಚ್‌ಎಎಲ್‌ನಲ್ಲಿ ಇದ್ದ ಹಿರಿಯರಿದ್ದೀರಿ. ದಯವಿಟ್ಟು ಬಿಡಿಸಿ ಹೇಳಿ.

ಬೇಲೂರು ಮೇಷ್ಟ್ರು

ಒಳ್ಳೆಯ ಪ್ರಶ್ನೆ ತಮ್ಮ. 1965ರ ಸೆಪ್ಟೆಂಬರ್ ಮೊದಲ ವಾರವನ್ನೇ ತಗೊಳ್ಳೋಣ. ನಿನ್ನ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮ ದೇಶದ ಚರಿತ್ರೆಯಲ್ಲಿ ಇಲ್ಲ.

ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೇನೆ ಟ್ಯಾಂಕುಗಳ ಜೊತೆ ಜಮ್ಮು ಗಡಿಯ ಛಂಬ್ ಕಡೆ ನುಗ್ಗಿತು. ಅಖ್ನೂರ್ ಸೇತುವೆ ಕೈತಪ್ಪಿದರೆ ಕಾಶ್ಮೀರದ ದಾರಿಗೇ ಸಂಚಕಾರ. ಸಂಜೆ ವಾಯುಪಡೆಗೆ ಕರೆ ಬಂತು. ಪಠಾಣ್‌ಕೋಟ್‌ನಿಂದ ಮೊದಲು ಹೋದವು 45ನೇ ಸ್ಕ್ವಾಡ್ರನ್ನಿನ, ಅಂದರೆ ವಾಯುಪಡೆಯ ಒಂದು ತುಕಡಿಯ, ವ್ಯಾಂಪೈರ್ ಜೆಟ್‌ಗಳು. ವ್ಯಾಂಪೈರ್ ಮೊದಲು ಹಾರಿದ್ದು 1943ರಲ್ಲಿ. ಎದುರಿಗೆ ಬಂದವು ಪಾಕಿಸ್ತಾನದ ಹತ್ತಿರ ಇದ್ದ ಅಮೆರಿಕದ ಸೇಬರ್ ಜೆಟ್‌ಗಳು. ಆ ಒಂದೇ ಸಂಜೆ ನಾವು 4 ವ್ಯಾಂಪೈರ್ ಕಳೆದುಕೊಂಡೆವು. ಆಮೇಲೆ ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿಕೊಂಡರು. ಆ ಪೈಲಟ್‌ಗಳಿಗೆ ಧೈರ್ಯ ಕಡಿಮೆ ಇರಲಿಲ್ಲ. ಕೈಯಲ್ಲಿದ್ದ ವಿಮಾನ ಆ ಕಾಲಕ್ಕೆ ಸಾಲದಾಗಿತ್ತು. ಇದನ್ನು ಓದುವಾಗ ಈಗಲೂ ನನಗೆ ಸಂಕಟ ಆಗುತ್ತದೆ.

ಮಾರನೇ ದಿನವೇ 23ನೇ ಸ್ಕ್ವಾಡ್ರನ್ನಿನ ನ್ಯಾಟ್ ಅನ್ನುವ ಚಿಕ್ಕ ಫೈಟರ್‌ಗಳನ್ನು ಪಠಾಣ್‌ಕೋಟ್‌ಗೆ ತಂದರು. ಶತ್ರುವಿನ ರೇಡಾರಿಗೆ ಗೊತ್ತಾಗಬಾರದು ಅಂತ ನೆಲಕ್ಕೆ ತೀರಾ ಹತ್ತಿರದಲ್ಲಿ ಹಾರಿಸಿಕೊಂಡು ಬಂದರು. ನ್ಯಾಟ್ ಬಂದಿದೆ ಅನ್ನುವುದೇ ಅವರಿಗೆ ತಿಳಿಯಬಾರದು, ಅದು ಮೊದಲ ಉಪಾಯ. 3ನೇ ತಾರೀಕು ಬೆಳಿಗ್ಗೆ ಎರಡನೆಯ ಉಪಾಯ ಹೂಡಿದರು. ಮಿಸ್ಟೇರ್ ವಿಮಾನಗಳನ್ನು ಬೇಕಂತಲೇ ರೇಡಾರಿಗೆ ಕಾಣುವಷ್ಟು ಎತ್ತರದಲ್ಲಿ ಕಳಿಸಿದರು. ಅವುಗಳನ್ನು ಹಿಡಿಯಲು ಸೇಬರ್‌ಗಳು ಬಂದವು. ಮಿಸ್ಟೇರ್‌ಗಳು ಕೆಳಗಿಳಿದು ವಾಪಸ್ ತಿರುಗಿದವು. ಕೆಳಗೆ ಬಚ್ಚಿಟ್ಟುಕೊಂಡು ಬರುತ್ತಿದ್ದ ನ್ಯಾಟ್‌ಗಳು ಮೇಲೇರಿ ಸೇಬರ್‌ಗಳ ಮಧ್ಯೆ ನುಗ್ಗಿದವು. ಜಾನಿ ಗ್ರೀನ್ ಮುಂದಾಳು. ಟ್ರೆವರ್ ಕೀಲರ್ ಅವರಿಗೆ ಮೊದಲ ಸೇಬರ್ ಹೊಡೆದ ಮನ್ನಣೆ, ವೀರ ಚಕ್ರ ಎರಡೂ ಬಂದವು. ಮರುದಿನ ಪಠಾನಿಯಾ ಅವರು ಇನ್ನೊಂದು ಸೇಬರ್ ಉರುಳಿಸಿದರು.

ನ್ಯಾಟ್ ಎಷ್ಟು ಚಿಕ್ಕದು ಗೊತ್ತಾ? ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 7 ಮೀಟರ್ ಸಹ ಇಲ್ಲ. ಸೇಬರ್‌ಗೆ 11 ಮೀಟರ್ ಮೇಲಿದೆ. ಆಕಾಶದಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಬೇಗ ಮೇಲೇರುತ್ತದೆ, ಬೇಗ ತಿರುಗುತ್ತದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟುತ್ತಿದ್ದ ವಿಮಾನ ಅದು.

ಒಂದು ವಿಷಯ ಮಾತ್ರ ಗಮನದಲ್ಲಿಟ್ಟುಕೋ. ಛಂಬ್‌ಗೆ ನ್ಯಾಟ್ ಹೊಸದು, 23ನೇ ಸ್ಕ್ವಾಡ್ರನ್ನಿಗೆ ಹೊಸದಲ್ಲ. 1958ರಲ್ಲೇ ಕಾನ್ಪುರದಲ್ಲಿ ಒಂದು ತಂಡ ಕೂರಿಸಿ ಅದರ ಓರೆಕೋರೆ ಹುಡುಕಿದ್ದರು. 1960ರಿಂದ ಸ್ಕ್ವಾಡ್ರನ್ ಅದರ ಜೊತೆ ಒದ್ದಾಡಿತ್ತು. ಹೈಡ್ರಾಲಿಕ್ ತೊಂದರೆ, ಮೂತಿ ಏರಿಳಿಸುವ ಕಂಟ್ರೋಲಿನ ತೊಂದರೆ, ಅಪಘಾತ ಎಲ್ಲಾ ಅನುಭವಿಸಿಯಾಗಿತ್ತು. ಯುದ್ಧಕ್ಕೆ ಮುಂಚಿನ ಆ 5 ವರ್ಷ ಇಲ್ಲದೇ ಇದ್ದಿದ್ದರೆ ಸೆಪ್ಟೆಂಬರ್ 3ರ ಬೆಳಿಗ್ಗೆ ಹಾಗೆ ಆಗುತ್ತಿರಲಿಲ್ಲ.

ಸಕಲೇಶಪುರ ಘಾಟಿ

ಮೇಷ್ಟ್ರೇ, ನೀವು ಹೇಳಿದ್ದರಲ್ಲಿ ಎರಡು ಸಂಗತಿ ಸೇರಿಸಬೇಕು. ಹುಡುಗರಿಗೆ ಪೂರ್ತಿ ಕಥೆ ಸಿಗಬೇಕಲ್ವಾ.

ಒಂದು, ಕೀಲರ್ ಹೊಡೆದ ಸೇಬರ್ ಏಟು ತಿಂದರೂ ತನ್ನ ನೆಲೆಗೆ ವಾಪಸ್ ಹೋಗಿ ಇಳಿಯಿತು ಅಂತ ಪಾಕಿಸ್ತಾನದವರು ಹೇಳುತ್ತಾರೆ. ಎರಡು, ಅದೇ ದಿನ ನಮ್ಮ ಒಂದು ನ್ಯಾಟ್ ಅವರ ಪಸ್ರೂರ್ ಏರ್‌ಫೀಲ್ಡಿನಲ್ಲಿ ಇಳಿಯಿತು. ಪೈಲಟ್ ಸೆರೆಯಾದರು, ವಿಮಾನ ಅವರ ಕೈಗೆ ಸಿಕ್ಕಿತು. ಈಗಲೂ ಕರಾಚಿಯ ಮ್ಯೂಸಿಯಂನಲ್ಲಿದೆ. ನಮ್ಮ ಹೊಸ ವಿಮಾನ ಮುಂಚೂಣಿಗೆ ಬಂದ ಮಾರನೇ ದಿನವೇ ಶತ್ರುವಿನ ಅಂಗಳದಲ್ಲಿ! ಹೊಸದು ಬಂದಾಗ ಇಂಥ ಅಪಾಯವೂ ಜೊತೆಗೇ ಬರುತ್ತದೆ. ಗೆದ್ದ ಮಾತಿನಷ್ಟೇ ಇದನ್ನೂ ಹೇಳಬೇಕು.

ಬೇಲೂರು ಮೇಷ್ಟ್ರು

ನಿಜ, ಹೇಳಲೇಬೇಕು. ಆ ಸೇಬರ್ ಬಿದ್ದಿತೋ ಇಲ್ಲವೋ ಅನ್ನುವುದರ ಮೇಲೆ ನನ್ನ ಮಾತು ನಿಂತಿಲ್ಲ. 1ನೇ ತಾರೀಕು ಸಂಜೆ ಛಂಬ್ ಆಕಾಶದಲ್ಲಿ ಸೇಬರ್‌ಗಳಿಗೆ ಎದುರೇ ಇರಲಿಲ್ಲ. 3ನೇ ತಾರೀಕಿನಿಂದ ಎದುರಾಳಿ ಇದ್ದರು. ಎರಡು ದಿನದಲ್ಲಿ ಆದ ಆ ಬದಲಾವಣೆಯೇ ದೊಡ್ಡದು. ಮುಂದೆ 19ನೇ ತಾರೀಕು ಟ್ರೆವರ್ ಅವರ ಅಣ್ಣ ಡೆಂಜಿಲ್ ಕೀಲರ್ ಸಹ ನ್ಯಾಟ್‌ನಲ್ಲೇ ಸೇಬರ್ ಹೊಡೆದರು. ಅಣ್ಣತಮ್ಮ ಇಬ್ಬರಿಗೂ ವೀರ ಚಕ್ರ.

ಚನ್ನರಾಯಪಟ್ಟಣದ ಆರ್ಮರರ್

ಮೇಷ್ಟ್ರಿಗೆ ನಮಸ್ಕಾರ. ನಾನು ವಾಯುಪಡೆಯಲ್ಲಿ ಆರ್ಮಮೆಂಟ್ ಟ್ರೇಡಿನಲ್ಲಿದ್ದವನು, ಅಂದರೆ ವಿಮಾನದ ಗನ್, ಗುಂಡು ನೋಡಿಕೊಳ್ಳುವ ಆರ್ಮರರ್. 70ರ ದಶಕದಲ್ಲಿ ನ್ಯಾಟ್ ಸ್ಕ್ವಾಡ್ರನ್ನಿನಲ್ಲಿ ಕೆಲಸ ಮಾಡಿದ್ದೇನೆ. ಹಾರುವವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕೆಳಗೆ ನಿಂತವರ ಬಗ್ಗೆ ನಾನು ಬರೆಯುತ್ತೇನೆ.

ನ್ಯಾಟ್‌ನಲ್ಲಿ ಎರಡು 30 ಎಂಎಂ ಏಡನ್ ಗನ್. ಎಂಜಿನ್‌ಗೆ ಗಾಳಿ ಎಳೆದುಕೊಳ್ಳುವ ಬಾಯಿ ಇದೆಯಲ್ಲ, ಅದರ ಪಕ್ಕದಲ್ಲಿ ಆ ಕಡೆ ಒಂದು, ಈ ಕಡೆ ಒಂದು. ಒಂದೊಂದು ಗನ್ನಿಗೆ 115 ಗುಂಡು. ಕೇಳುವುದಕ್ಕೆ ಜಾಸ್ತಿ ಅನ್ನಿಸುತ್ತದೆ. ಟ್ರಿಗರ್ ಒತ್ತಿ ಹಿಡಿದರೆ ಐದಾರು ಸೆಕೆಂಡಿಗೆ ಎಲ್ಲಾ ಖಾಲಿ. ಪೈಲಟ್‌ಗೆ ಸಿಗುವುದು ಅಷ್ಟೇ. ಸೇಬರ್‌ನ ಹಿಂದೆ ಸರಿಯಾಗಿ ಕೂತು, ಗುರಿ ಸಿಕ್ಕಿ, ಟ್ರಿಗರ್ ಒತ್ತಿದಾಗ ಗನ್ ಸಿಕ್ಕಿಕೊಂಡರೆ ಅವರು ಮೇಲೆ ಏನು ಮಾಡುವುದಕ್ಕೂ ಆಗುವುದಿಲ್ಲ. ಯುದ್ಧದಲ್ಲಿ ಹಾಗೆ ಆಗಿದೆ. ನ್ಯಾಟ್‌ನ ಗನ್ ಜಾಮ್ ಆಗುತ್ತಿತ್ತು, ಅದು ಎಲ್ಲರಿಗೂ ಗೊತ್ತಿದ್ದ ದೋಷ. ಅದರಿಂದ ಕೈಗೆ ಬಂದ ಸೇಬರ್ ತಪ್ಪಿಸಿಕೊಂಡಿದ್ದೂ ಉಂಟು.

ಗುಂಡುಗಳನ್ನು ಲೋಹದ ಕೊಂಡಿಗಳಿಂದ ಒಂದಕ್ಕೊಂದು ಜೋಡಿಸಿ ಬೆಲ್ಟ್ ಮಾಡುತ್ತಾರೆ. ಒಂದು ಗುಂಡು ಸುಮಾರು ಅರ್ಧ ಕೆಜಿ. ಎಲ್ಲಾ ಗುಂಡೂ ಕೊಂಡಿಯಲ್ಲಿ ಒಂದೇ ಸಾಲಿಗೆ ಕೂತಿರಬೇಕು. ಒಂದೇ ಒಂದು ಗುಂಡು ಕೂದಲೆಳೆಯಷ್ಟು ಮುಂದೆ ಬಂದಿದ್ದರೆ ಬೆಲ್ಟ್ ಒಳಗೆ ಹೋಗುವಾಗ ತಡೆಯುತ್ತದೆ. ವಿಮಾನ ಜೋರಾಗಿ ತಿರುಗುವಾಗ ಬೆಲ್ಟಿನ ಭಾರ ಹಲವು ಪಟ್ಟಾಗುತ್ತದೆ, ಆಗ ಎಳೆತ ಇನ್ನೂ ಜಾಸ್ತಿ. ಅದಕ್ಕೇ ನಾವು ಬೆಲ್ಟನ್ನು ಟೇಬಲ್ ಮೇಲೆ ಉದ್ದಕ್ಕೆ ಹಾಸಿ, ಬರಿಗೈಯಲ್ಲಿ ಒಂದೊಂದೇ ಗುಂಡನ್ನು ತಡವಿ ನೋಡುತ್ತಿದ್ದೆವು. ಬೆರಳಿಗೆ ತಿಳಿಯುವ ಏರುಪೇರು ಎಷ್ಟೋ ಸಲ ಕಣ್ಣಿಗೆ ತಿಳಿಯುವುದಿಲ್ಲ. ಕೈಗವಸು ಹಾಕಿಕೊಂಡು ಮಾಡುವ ಕೆಲಸವಲ್ಲ ಅದು. ಪಂಜಾಬಿನ ಜನವರಿ ಚಳಿಯಲ್ಲಿ ಬೆರಳು ಮರಗಟ್ಟಿ ಹೋಗುತ್ತಿತ್ತು. ಆದರೂ ಬರಿಗೈಯೇ.

ನ್ಯಾಟ್ ತುಂಬಾ ತಗ್ಗು ವಿಮಾನ. ಬಹಳಷ್ಟು ಕೆಲಸಕ್ಕೆ ಏಣಿಯೇ ಬೇಡ. ಮಂಡಿ ಊರಿ ಕೂತರೆ ಸಾಕು. ವಿಮಾನ ಇಳಿದು ಬಂದಮೇಲೆ ಎಣ್ಣೆ ತುಂಬಿ, ಗುಂಡು ತುಂಬಿ, ಮತ್ತೆ ಕಳಿಸುವುದಿದೆಯಲ್ಲ, ಅದು ನ್ಯಾಟ್‌ನಲ್ಲಿ ಬಹಳ ಬೇಗ ಆಗುತ್ತಿತ್ತು. ಒಂದು ವಿಮಾನ ದಿನಕ್ಕೆ ಹೆಚ್ಚು ಸಲ ಹಾರಿದರೆ ಇರುವ ವಿಮಾನಗಳೇ ಹೆಚ್ಚಾದ ಲೆಕ್ಕ. ಈ ಗುಣ ಯಾವ ವಿಡಿಯೋದಲ್ಲೂ ಹೇಳುವುದಿಲ್ಲ.

ತಮ್ಮ, ನಿನ್ನ ಹಾಸ್ಟೆಲಿನ ವಾದಕ್ಕೆ ನನ್ನ ಮಾತು ಇದು. ವಿಮಾನ ಗಡಿಗೆ ಬಂತು ಅಂದರೆ ಪೈಲಟ್ ಬಂದ ಅಂತ ಮಾತ್ರ ಅಲ್ಲ. ಅವನ ಹಿಂದೆ ಗನ್ ಗೊತ್ತಿರುವವನು, ಎಂಜಿನ್ ಗೊತ್ತಿರುವವನು, ರೇಡಿಯೋದವನು, ಟೈರ್ ಬದಲಿಸುವವನು, ಬಿಡಿಭಾಗದ ಪೆಟ್ಟಿಗೆ ಎಲ್ಲಾ ಬರಬೇಕು. ಅವರಲ್ಲಿ ಒಬ್ಬ ಹೊಸಬನಾದರೂ ವಿಮಾನ ನೆಲದ ಮೇಲೇ ಕೂರುತ್ತದೆ.

ಸಾಲಗಾಮೆ ರಸ್ತೆ ಹುಡುಗ

ಸರ್, ಬೆಲ್ಟನ್ನು ಕೈಯಲ್ಲಿ ತಡವಿ ನೋಡುವ ವಿಷಯ ನನಗೆ ಎಲ್ಲೂ ಸಿಕ್ಕಿರಲಿಲ್ಲ. ತುಂಬಾ ಥ್ಯಾಂಕ್ಸ್.

ಇನ್ನೊಂದು ಕೇಳಲಾ? ಆಗಲೇ ನಮ್ಮಲ್ಲಿ ಮಿಗ್-21 ಇತ್ತಲ್ಲ. ಶಬ್ದಕ್ಕಿಂತ ಎರಡು ಪಟ್ಟು ವೇಗ, ಕ್ಷಿಪಣಿ ಎಲ್ಲಾ ಇತ್ತು. 1965ರಲ್ಲಿ ಅದು ಏನು ಮಾಡಿತು?

ಸಕಲೇಶಪುರ ಘಾಟಿ

ಹೆಚ್ಚೇನೂ ಮಾಡಲಿಲ್ಲ. ಮೇಷ್ಟ್ರ ಮಾತಿಗೆ ಅದೇ ದೊಡ್ಡ ಸಾಕ್ಷಿ.

ಮಿಗ್-21 ನಮಗೆ ಬಂದಿದ್ದು 1963ರಲ್ಲಿ, 28ನೇ ಸ್ಕ್ವಾಡ್ರನ್ನಿಗೆ. 1965ರ ಯುದ್ಧದ ಹೊತ್ತಿಗೂ ಇದ್ದವು ಬೆರಳೆಣಿಕೆಯಷ್ಟು. ಸೆಪ್ಟೆಂಬರ್ 4ರಂದು ಸ್ಕ್ವಾಡ್ರನ್ನಿನ ಕಮಾಂಡರ್ ವೊಲೆನ್ ಅವರೇ ಒಂದು ಸೇಬರ್‌ನ ಹಿಂದೆ ಬಿದ್ದರು. ಎರಡು ಕ್ಷಿಪಣಿ ಇತ್ತು, ಎರಡನ್ನೂ ಬಿಟ್ಟರು. ಎರಡೂ ತಾಗಲಿಲ್ಲ. ನೆಲಕ್ಕೆ ಅಷ್ಟು ಹತ್ತಿರದಲ್ಲಿ ಆ ಕಾಲದ ಕ್ಷಿಪಣಿಗೆ ಎಂಜಿನ್ನಿನ ಬಿಸಿಯನ್ನು ಹಿಡಿದು ಬೆನ್ನಟ್ಟುವುದು ಕಷ್ಟ. ಗನ್ ಇದ್ದಿದ್ದರೆ ಅದನ್ನಾದರೂ ಬಳಸಬಹುದಿತ್ತು. ಅವರ ವಿಮಾನದಲ್ಲಿ ಗನ್ನೇ ಇರಲಿಲ್ಲ. 6ನೇ ತಾರೀಕು ಸಂಜೆ ಪಠಾಣ್‌ಕೋಟ್ ಮೇಲೆ ಸೇಬರ್‌ಗಳು ದಾಳಿ ಮಾಡಿದಾಗ ಎರಡು ಮಿಗ್-21 ನೆಲದ ಮೇಲೇ ಸುಟ್ಟುಹೋದವು. ಅಷ್ಟು ದುಬಾರಿ ವಿಮಾನವನ್ನು ಗಡಿಗೆ ಅಷ್ಟು ಹತ್ತಿರ, ಸರಿಯಾದ ಮರೆ ಇಲ್ಲದೆ ನಿಲ್ಲಿಸಿದ್ದಕ್ಕೆ ತೆತ್ತ ಬೆಲೆ.

ಅದೇ ವಿಮಾನವನ್ನು 1971ರಲ್ಲಿ ನೋಡಿ. ಹೊಟ್ಟೆಯ ಕೆಳಗೆ ಜೋಡಿ ನಳಿಗೆಯ 23 ಎಂಎಂ ಗನ್ ಪೆಟ್ಟಿಗೆ ಕಟ್ಟಿದ್ದರು. ಸ್ಕ್ವಾಡ್ರನ್‌ಗಳ ಸಂಖ್ಯೆ ಹೆಚ್ಚಿತ್ತು. ನಾಸಿಕ್‌ನಲ್ಲಿ ನಾವೇ ಕಟ್ಟುತ್ತಿದ್ದೆವು. ಡಿಸೆಂಬರ್ 12ರಂದು ಕಛ್ ಕೊಲ್ಲಿಯ ಮೇಲೆ 47ನೇ ಸ್ಕ್ವಾಡ್ರನ್ನಿನ ಸೋನಿ ಅವರು ಆ ಗನ್ನಿನಿಂದಲೇ ಎಫ್-104 ಸ್ಟಾರ್‌ಫೈಟರ್ ಹೊಡೆದರು. ಢಾಕಾದ ರನ್‌ವೇ ಹಾಳುಗೆಡವಿದ್ದೂ ಮಿಗ್-21ಗಳೇ. ಮಧ್ಯದ 6 ವರ್ಷದಲ್ಲಿ ಜನ ಅದನ್ನು ಕಲಿತರು, ಕೊರತೆ ಏನೆಂದು ಗೊತ್ತಾಯಿತು, ಅದಕ್ಕೆ ಪರಿಹಾರ ಮಾಡಿಕೊಂಡರು.

ಸ್ಟಾರ್‌ಫೈಟರ್ ಅಂದಾಗ ನಮ್ಮ ಪಕ್ಕದ ಕೊಡಗಿನ ಅಜ್ಜಮಾಡ ದೇವಯ್ಯ ಅವರನ್ನು ನೆನೆಯದೆ ಮುಂದೆ ಹೋಗಬಾರದು. 1965ರಲ್ಲಿ ಎಫ್-104 ಪಾಕಿಸ್ತಾನದ ಅತಿ ಆಧುನಿಕ ಅಸ್ತ್ರ. ಒಂದು ಡಜನ್ನಿನಷ್ಟಿದ್ದವು, ಹೆಸರು ಕೇಳಿದರೇ ಹೆದರಿಕೆ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ದೇವಯ್ಯ ಅವರ ಮಿಸ್ಟೇರ್‌ಗೆ ಒಂದು ಸ್ಟಾರ್‌ಫೈಟರ್ ಎದುರಾಯಿತು. ಮಿಸ್ಟೇರ್ ಅದಕ್ಕಿಂತ ಎಷ್ಟೋ ನಿಧಾನ. ಏಟು ತಿಂದ ಮೇಲೂ ಅವರು ತಿರುಗಿಬಿದ್ದು ಹೋರಾಡಿದರು. ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಏನಾಯಿತು ಅಂತ ನಮ್ಮ ಕಡೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ನಮ್ಮ ಶಾಲೆಗಳಲ್ಲಿ ಪ್ರತಿ ಮಗುವಿಗೂ ಈ ಹೆಸರು ಗೊತ್ತಿರಬೇಕು.

ಮೂಡಿಗೆರೆ ತೋಟದಾಕೆ

ಎಲ್ಲರ ಬರಹವನ್ನೂ ಓದಿದೆ. ಇಲ್ಲಿ ತನಕ ಬಂದಿದ್ದೆಲ್ಲಾ ನಮ್ಮ ಪಶ್ಚಿಮ ಗಡಿಯ ಮಾತು. ಇನ್ನೂ ಹಿಂದಕ್ಕೆ, 1943ರ ಬರ್ಮಾ ಮುಂಚೂಣಿಗೆ ಹೋದರೆ ಹುಡುಗನ ಪ್ರಶ್ನೆಗೆ ಬೇರೆ ತರಹದ ಉತ್ತರ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ನನಗೆ ತುಂಬಾ ಆಸಕ್ತಿ ಇರುವ ಭಾಗ ಇದು.

ಆಗ ಬಂಗಾಳ, ಅರಾಕಾನ್ ಕಡೆ ಬ್ರಿಟಿಷರ ಹತ್ತಿರ ಇದ್ದಿದ್ದು ಹರಿಕೇನ್ ಅನ್ನುವ ಫೈಟರ್. ಜಪಾನಿಯರು ಒಂದು ವಿಮಾನವನ್ನು ಫೋಟೋ ತೆಗೆಯುವುದಕ್ಕೆ ಅಂತಲೇ ಕಳಿಸುತ್ತಿದ್ದರು. ಮಿತ್ರಪಡೆಯವರು ಅದನ್ನು ಡೈನಾ ಅಂತ ಕರೆಯುತ್ತಿದ್ದರು. ತುಂಬಾ ಎತ್ತರದಲ್ಲಿ, ತುಂಬಾ ವೇಗವಾಗಿ ಬರುತ್ತಿತ್ತು. ಹರಿಕೇನ್ ಅಷ್ಟು ಎತ್ತರ ಏರುವಷ್ಟರಲ್ಲಿ ಡೈನಾ ಕೆಲಸ ಮುಗಿಸಿ ಹೋಗಿಬಿಡುತ್ತಿತ್ತು. ಎಲ್ಲಿ ಸೈನ್ಯ ಇದೆ, ಎಲ್ಲಿ ವಿಮಾನ ನಿಲ್ಲಿಸಿದ್ದಾರೆ ಎಲ್ಲಾ ಜಪಾನಿಯರಿಗೆ ಗೊತ್ತು.

1943ರ ಮಳೆಗಾಲ ಮುಗಿದ ಮೇಲೆ ಬ್ರಿಟಿಷರದ್ದೇ ಇನ್ನೊಂದು ಫೈಟರ್ ಸ್ಪಿಟ್‌ಫೈರ್ ಬಂತು. ಮಾರ್ಕ್-5, ಯುರೋಪಿನಲ್ಲಿ ಆಗಲೇ ಹಳೆಯದು ಅನ್ನಿಸಿಕೊಂಡಿದ್ದ ಮಾದರಿ. ನವೆಂಬರ್‌ನಲ್ಲಿ ಒಂದಾದ ಮೇಲೆ ಒಂದು ಡೈನಾ ಬಿದ್ದವು. ಜಪಾನಿಯರ ಕಣ್ಣಿಗೆ ಪರದೆ ಬಿತ್ತು. 1944ರ ಫೆಬ್ರವರಿಯಲ್ಲಿ ಅರಾಕಾನ್‌ನಲ್ಲಿ ಅವರು ದೊಡ್ಡ ದಾಳಿ ಮಾಡಿ ನಮ್ಮ ಕಡೆಯ ಸೈನ್ಯವನ್ನು ಸುತ್ತುವರಿದಾಗ, ಒಳಗಿದ್ದವರಿಗೆ ಡಕೋಟಾ ಸರಕು ವಿಮಾನಗಳಿಂದ ಅನ್ನ, ಮದ್ದುಗುಂಡು ಎಲ್ಲಾ ಇಳಿಸಿದರು. ಆಕಾಶ ಸ್ಪಿಟ್‌ಫೈರ್‌ಗಳ ಕೈಲಿ ಇದ್ದಿದ್ದರಿಂದ ಡಕೋಟಾಗಳು ಹಾಗೆ ಬಂದುಹೋಗಲು ಸಾಧ್ಯವಾಯಿತು. ಸುತ್ತುವರಿದ ಸೈನ್ಯ ಹಿಂದೆ ಸರಿಯದೆ ನಿಂತುಕೊಂಡಿತು.

ಮಾರ್ಕ್-5 ಅತಿ ಹೊಸದಾಗಿರಲೇಬೇಕು ಅಂತ ಇರಲಿಲ್ಲ, ಅಲ್ವಾ? ಆ ಜಾಗದಲ್ಲಿ, ಆ ಕೆಲಸಕ್ಕೆ ಏನು ಬೇಕಿತ್ತೋ ಅದು ಬಂತು. ಹೇಗೆ ಹೋರಾಡಬೇಕು ಅನ್ನುವುದೂ ಅಷ್ಟೇ ಮುಖ್ಯವಾಯಿತು. ಜಪಾನಿಯರ ಆಸ್ಕರ್ ಫೈಟರ್ ಸ್ಪಿಟ್‌ಫೈರ್‌ಗಿಂತ ಚಿಕ್ಕ ಸುತ್ತಿನಲ್ಲಿ ತಿರುಗುತ್ತಿತ್ತು. ಅದರ ಜೊತೆ ಸುತ್ತಿ ಸುತ್ತಿ ಹೋರಾಡಲು ಹೋದರೆ ಸೋಲು. ಮೇಲಿಂದ ಧುಮುಕಿ, ಹೊಡೆದು, ಮತ್ತೆ ಮೇಲೇರಿಬಿಡಬೇಕು. ಯುರೋಪಿನಲ್ಲಿ ಕಲಿತಿದ್ದನ್ನು ಮರೆತು ಇಲ್ಲಿಗೆ ಬೇಕಾದ್ದನ್ನು ಕಲಿಯಬೇಕಾಯಿತು.

ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಫಿ ಕೊಯ್ಲಿನ ಮಧ್ಯದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ತಂದರೆ, ಅದನ್ನು ನಮ್ಮ ಹಣ್ಣಿನ ಗಾತ್ರಕ್ಕೆ ಸರಿಮಾಡುವವರೆಗೂ ಹಳೆಯ ಪಲ್ಪರನ್ನು ಯಾರೂ ಆಚೆ ಎಸೆಯುವುದಿಲ್ಲ. ಬರ್ಮಾದಲ್ಲಿಯೂ ಹರಿಕೇನ್‌ಗಳನ್ನು ಬಿಸಾಡಲಿಲ್ಲ. ನೆಲದ ಮೇಲಿನ ಗುರಿಗಳಿಗೆ ಬಾಂಬು ಹಾಕುವ ಕೆಲಸಕ್ಕೆ ಹಚ್ಚಿದರು. ಅಲ್ಲಿ ಅವು ಚೆನ್ನಾಗಿ ದುಡಿದವು.

ಅರಸೀಕೆರೆ ಎಚ್‌ಎಎಲ್

ಅಕ್ಕಾ, ಸ್ಪಿಟ್‌ಫೈರ್ ಮಾರ್ಕ್-5 ಯುರೋಪಿನಲ್ಲಿ ಯಾಕೆ ಹಳೆಯದಾಯಿತು ಅನ್ನುವ ಕಥೆ ನಮ್ಮ ಬೆಂಗಳೂರಿಗೇ ಬಂದು ನಿಲ್ಲುತ್ತದೆ. ಅದನ್ನು ನಾನು ಹೇಳಲೇಬೇಕು. ಕೆಲಸದಲ್ಲಿದ್ದ ಕಾಲವೆಲ್ಲಾ ಎಚ್‌ಎಎಲ್‌ನಲ್ಲೇ ಕಳೆದವನು ನಾನು. ಈಗ ಊರಲ್ಲಿ ತೆಂಗು ನೋಡಿಕೊಂಡಿದ್ದೇನೆ.

1941ರ ಬೇಸಿಗೆ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಕಾಲುವೆಯ ಆಚೆ ಜರ್ಮನ್ನರು ಫೋಕೆ-ವುಲ್ಫ್ 190 ಅನ್ನುವ ಹೊಸ ಫೈಟರ್ ತಂದರು. ಬ್ರಿಟಿಷ್ ಪೈಲಟ್‌ಗಳು ನೋಡಿದ್ದನ್ನು ಬಂದು ಹೇಳಿದರೆ ಮೊದಮೊದಲು ಮೇಲಿನವರು ನಂಬಲಿಲ್ಲ. ಫ್ರೆಂಚರಿಂದ ವಶಪಡಿಸಿಕೊಂಡ ಹಳೆಯ ಕರ್ಟಿಸ್ ಇರಬೇಕು ಅಂದುಕೊಂಡರು. ಸ್ಪಿಟ್‌ಫೈರ್ ಮಾರ್ಕ್-5 ಅದರ ಮುಂದೆ ಒಂದೇ ಒಂದು ವಿಷಯದಲ್ಲಿ ಮೇಲು, ಚಿಕ್ಕ ಸುತ್ತಿನಲ್ಲಿ ತಿರುಗುವುದರಲ್ಲಿ. ವೇಗ, ಏರುವುದು, ಪಕ್ಕಕ್ಕೆ ಹೊರಳುವುದು, ಧುಮುಕುವುದು ಎಲ್ಲದರಲ್ಲೂ ಜರ್ಮನ್ ವಿಮಾನವೇ ಮುಂದು.

ಆದರೆ ಆ ವಿಮಾನದ ಹುಟ್ಟು ಸುಲಭದ್ದಲ್ಲ. ಬಿಎಂಡಬ್ಲ್ಯೂ ಎಂಜಿನ್ನಿನಲ್ಲಿ 14 ಸಿಲಿಂಡರ್, ಎರಡು ಸಾಲು. ಹಿಂದಿನ ಸಾಲಿಗೆ ಗಾಳಿ ಸರಿಯಾಗಿ ಹೋಗದೆ ಕೆಂಡದಂತೆ ಕಾಯುತ್ತಿತ್ತು. ಹಾರುವಾಗಲೇ ಬೆಂಕಿ ಹತ್ತಿಕೊಂಡದ್ದುಂಟು. ಯೋಜನೆಯನ್ನೇ ಕೈಬಿಡುವ ಮಾತು ಬಂದಿತ್ತು. ಸ್ಕ್ವಾಡ್ರನ್ನಿನ ಮೆಕ್ಯಾನಿಕ್‌ಗಳೂ ಕಾರ್ಖಾನೆಯವರೂ ಒಟ್ಟಿಗೆ ಕೂತು ಒಂದೊಂದೇ ಸರಿಮಾಡಿದರು. ಮುಂಚೂಣಿಗೆ ಬಂದಮೇಲೂ ಆ ಕೆಲಸ ನಿಲ್ಲಲಿಲ್ಲ.

ಸಕಲೇಶಪುರದವರು ಪಸ್ರೂರ್ ಬಗ್ಗೆ ಹೇಳಿದರಲ್ಲ, ಜರ್ಮನ್ನರಿಗೂ ಅದೇ ಆಯಿತು. 1942ರ ಜೂನ್ 23ರಂದು ಆರ್ಮಿನ್ ಫೇಬರ್ ಅನ್ನುವ ಪೈಲಟ್ ದಿಕ್ಕು ತಪ್ಪಿ ವೇಲ್ಸ್‌ನ ಪೆಂಬ್ರಿಯಲ್ಲಿ ಇಳಿದ. ತನ್ನದೇ ಕಡೆಯ ಏರ್‌ಫೀಲ್ಡ್ ಅಂದುಕೊಂಡಿದ್ದ. ಬ್ರಿಟಿಷರಿಗೆ ಒಂದು ಗೀರೂ ಬೀಳದ ಹೊಸ ವಿಮಾನ ಸಿಕ್ಕಿತು. ಹಾರಿಸಿ, ಅಳೆದು, ಎಲ್ಲಿ ಗಟ್ಟಿ ಎಲ್ಲಿ ಟೊಳ್ಳು ತಿಳಿದುಕೊಂಡರು. ಜುಲೈನಲ್ಲಿ ಹೊಸ ಮರ್ಲಿನ್-61 ಎಂಜಿನ್ ಹಾಕಿದ ಸ್ಪಿಟ್‌ಫೈರ್ ಮಾರ್ಕ್-9 ಮುಂಚೂಣಿಗೆ ಬಂತು. ಅಷ್ಟು ಹೊತ್ತಿಗೆ ಸುಮಾರು ಒಂದು ವರ್ಷ ಕಾಲುವೆಯ ಮೇಲೆ ಜರ್ಮನ್ನರದ್ದೇ ಮೇಲುಗೈ ಆಗಿತ್ತು. ಆಗಸ್ಟ್ 19ರಂದು ಫ್ರಾನ್ಸಿನ ಡಿಯಪ್ ಬಂದರಿನ ಮೇಲೆ ದಾಳಿ ಮಾಡಿದ ದಿನ ಬ್ರಿಟಿಷರ ಕಡೆ ಸುಮಾರು 100 ವಿಮಾನ ನಾಶವಾದವು. ಜರ್ಮನ್ನರದ್ದು ಅದರ ಅರ್ಧದಷ್ಟು.

ಈ ಫೋಕೆ-ವುಲ್ಫ್ 190ರ ವಿನ್ಯಾಸಕ ಕುರ್ಟ್ ಟ್ಯಾಂಕ್. ಯುದ್ಧ ಮುಗಿದ ಮೇಲೆ ಅವರು ಅರ್ಜೆಂಟೀನಾಗೆ ಹೋದರು. ಅಲ್ಲಿಂದ 1956ರಲ್ಲಿ ಸೀದಾ ಬೆಂಗಳೂರಿಗೆ ಬಂದರು. ನಮ್ಮ ಎಚ್‌ಎಫ್-24 ಮರುತ್ ಅವರ ಕೈಯದ್ದು. ಎಂಜಿನ್ ಇಲ್ಲದ, ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾದಿಂದ ಎಳೆದು ಮೇಲೆ ಒಯ್ದು 1959ರಲ್ಲಿ ಪರೀಕ್ಷೆ ಮಾಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮರುತ್ ವಿಮಾನವನ್ನು ಮೊದಲು ಹಾರಿಸಿದರು.

ವಿಮಾನದ ಮೈ ಅದ್ಭುತ. ಎಂಜಿನ್ ಸಾಲದು. ಟ್ಯಾಂಕ್ ಮನಸ್ಸಿನಲ್ಲಿಟ್ಟುಕೊಂಡಿದ್ದ ಆರ್ಫಿಯಸ್-12 ಎಂಜಿನ್ನನ್ನು ಬ್ರಿಟಿಷರು ಅರ್ಧಕ್ಕೆ ಬಿಟ್ಟರು. ನ್ಯಾಟ್‌ಗೆ ಹಾಕುತ್ತಿದ್ದ ಜಾತಿಯ ಆರ್ಫಿಯಸ್ ಎಂಜಿನ್ ಎರಡನ್ನು ಇಟ್ಟು ಹಾರಿಸಬೇಕಾಯಿತು. ಶಬ್ದದ ವೇಗ ದಾಟಲೆಂದು ಮಾಡಿದ ವಿಮಾನ ನೇರ ಹಾರಾಟದಲ್ಲಿ ಅದನ್ನು ದಾಟಲೇ ಇಲ್ಲ. ಎಂಜಿನ್ನಿನ ಬಲ ಹೆಚ್ಚಿಸಿದ ಮಾದರಿಯ ಪರೀಕ್ಷೆಯಲ್ಲೇ 1970ರ ಜನವರಿ 10ರಂದು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಓಡಾಡುವ ಎಷ್ಟೋ ಜನಕ್ಕೆ ಅವರು ಯಾರು ಅಂತ ಗೊತ್ತಿಲ್ಲ. ಅದು ನನಗೆ ತುಂಬಾ ನೋವಿನ ವಿಷಯ.

ಅಷ್ಟಾದರೂ 1971ರಲ್ಲಿ 10 ಮತ್ತು 220ನೇ ಸ್ಕ್ವಾಡ್ರನ್‌ಗಳು ಮರುತ್ ಹಾರಿಸಿದವು. ರಾಜಸ್ಥಾನ, ಸಿಂಧ್ ಕಡೆ ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ಕೆಲಸ. ಏಟು ತಿಂದು ಒಂದೇ ಎಂಜಿನ್ನಿನಲ್ಲಿ ಮನೆಗೆ ಬಂದ ಮರುತ್‌ಗಳಿವೆ. ಆಕಾಶದ ಕಾಳಗದಲ್ಲಿ ಒಂದು ಮರುತ್ತನ್ನೂ ಶತ್ರು ಹೊಡೆದುರುಳಿಸಲಿಲ್ಲ. ಇಂಥ ವಿಮಾನಕ್ಕೆ ತಕ್ಕ ಎಂಜಿನ್ ಸಿಗಲಿಲ್ಲವಲ್ಲ ಅಂತ ನಮ್ಮ ಹಿರಿಯರು ಕೊನೆತನಕ ಹೇಳುತ್ತಿದ್ದರು.

ಸಾಲಗಾಮೆ ರಸ್ತೆ ಹುಡುಗ

ಸರ್, ಹಾಗಿದ್ದರೆ ತೇಜಸ್‌ಗೂ ಅದೇ ಗತಿ ಆಗಬಹುದಾ? ಎಂಜಿನ್ ಹೊರಗಿನಿಂದಲೇ ಬರಬೇಕಲ್ಲ.

ಅರಸೀಕೆರೆ ಎಚ್‌ಎಎಲ್

ಅದೇ ಗತಿ ಅನ್ನಲಾರೆ. ತೇಜಸ್‌ಗೆ ಅಮೆರಿಕದ ಎಫ್-404 ಎಂಜಿನ್ ಸರಿಹೊಂದಿದೆ, ಅದರ ಬಲ ಸಾಲದೆ ಬಂದಿಲ್ಲ. ತೊಂದರೆ ಇರುವುದು ಬರುವ ವೇಗದಲ್ಲಿ. 2021ರ ಫೆಬ್ರವರಿಯಲ್ಲಿ 83 ವಿಮಾನಕ್ಕೆ ಆರ್ಡರ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ. ಎಂಜಿನ್ ಬರುವುದು ತಡವಾಗಿ ವಿಮಾನ ಕೊಡುವುದೂ ತಡವಾಯಿತು. ಈ ವಿಳಂಬದಲ್ಲಿ ಕಳೆದುಹೋಗುವುದು ಬರೀ ತಾರೀಕು ಅಲ್ಲ. ಮೇಷ್ಟ್ರು ಹೇಳಿದ ಪಳಗುವ ವರ್ಷಗಳಿವೆಯಲ್ಲ, ಅವು ಕಳೆದುಹೋಗುತ್ತವೆ. ನನಗೆ ಚಿಂತೆ ಇರುವುದು ಅದರದ್ದೇ.

ಬೇಲೂರು ಮೇಷ್ಟ್ರು

ಹುಡುಗನಿಗೆ ಇನ್ನೊಂದು ಹೇಳಬೇಕು. ತೇಜಸ್ ಮೊದಲು ಯಾವ ಸ್ಕ್ವಾಡ್ರನ್ನಿಗೆ ಬಂತು ಗೊತ್ತಾ? 2016ರ ಜುಲೈ 1ರಂದು, ಬೆಂಗಳೂರಿನಲ್ಲಿ, 45ನೇ ಸ್ಕ್ವಾಡ್ರನ್ನಿಗೆ. ಛಂಬ್‌ಗೆ ವ್ಯಾಂಪೈರ್‌ನಲ್ಲಿ ಹೋದವರ ಸ್ಕ್ವಾಡ್ರನ್ ಅದೇ. ನೀನು ಹೇಳಿದ ಮಿಗ್-21ರ ಬೀಳ್ಕೊಡುಗೆಯಲ್ಲಿ ಕೊನೆಯ ತನಕ ಆ ವಿಮಾನ ಹಾರಿಸಿದ್ದು 23ನೇ ಸ್ಕ್ವಾಡ್ರನ್. ನ್ಯಾಟ್‌ಗಳನ್ನು ಪಠಾಣ್‌ಕೋಟ್‌ಗೆ ತಂದಿದ್ದೂ ಅದೇ.

ನಿಮ್ಮ ಹಾಸ್ಟೆಲಿನ ಎರಡೂ ಗುಂಪಿನವರಿಗೂ ನನ್ನ ಅಭಿಪ್ರಾಯ ಹೇಳು. 45ನೇ ಸ್ಕ್ವಾಡ್ರನ್ 2016ರಿಂದ ತೇಜಸ್ ಹಾರಿಸುತ್ತಿದೆ. ಅದರ ಆರ್ಮರರ್‌ಗಳು, ಎಂಜಿನ್ನಿನವರು ಅದನ್ನು ಬಿಚ್ಚಿ ಜೋಡಿಸಿ ಕಲಿತಿದ್ದಾರೆ. ಅದರಲ್ಲಿ ಎಷ್ಟೋ ಅನುಭವ ಮಾರ್ಕ್-1ಎಗೂ ಬರುತ್ತದೆ. ಹಾಗಂತ ಬಂದ ದಿನವೇ ಯುದ್ಧಕ್ಕೆ ಸಿದ್ಧ ಅಂದುಕೊಳ್ಳುವುದೂ ಸರಿಯಲ್ಲ. ಹೊಸ ರೇಡಾರ್, ಹೊಸ ಎಲೆಕ್ಟ್ರಾನಿಕ್ಸ್ ಇದೆ. ಅದನ್ನು ಶಾಂತಿಯ ಕಾಲದಲ್ಲೇ ಕಲಿತು ಮುಗಿಸಬೇಕು.

ಚನ್ನರಾಯಪಟ್ಟಣದ ಆರ್ಮರರ್

1971ರ ನವೆಂಬರ್ 22ರಂದು ಪೂರ್ವ ಪಾಕಿಸ್ತಾನದ ಗಡಿಯಲ್ಲಿ ನಡೆದ ಬೋಯ್ರಾ ಕಾಳಗದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 22ನೇ ಸ್ಕ್ವಾಡ್ರನ್ನಿನ 4 ನ್ಯಾಟ್ ಕೋಲ್ಕತ್ತಾದ ಡಮ್‌ಡಮ್‌ನಿಂದ ಮಧ್ಯಾಹ್ನ ಮೂರಕ್ಕೆ ಸ್ವಲ್ಪ ಮುಂಚೆ ಎದ್ದವು. ಮ್ಯಾಸಿ, ಗಣಪತಿ, ಸೋರೆಸ್, ಲಜಾರಸ್. ಗಣಪತಿ ನಮ್ಮ ಕೊಡಗಿನವರು. 3 ಸೇಬರ್ ಹೊಡೆದರು ಅಂತ ದಾಖಲೆ. ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಸೆರೆ ಸಿಕ್ಕರು. ಅವರಲ್ಲಿ ಒಬ್ಬರು ಮುಂದೆ ಅವರ ವಾಯುಪಡೆಯ ಮುಖ್ಯಸ್ಥರಾದರು.

ಅವತ್ತು ನ್ಯಾಟ್ ಯಾರಿಗೂ ಹೊಸದಾಗಿರಲಿಲ್ಲ. ರಿಪೇರಿಯವನಿಂದ ರೇಡಾರ್ ಮುಂದೆ ಕೂತ ಕಂಟ್ರೋಲರ್ ತನಕ ಎಲ್ಲರಿಗೂ ಅದರ ಮೈಯೆಲ್ಲಾ ಗೊತ್ತಿತ್ತು.

ಸಾಲಗಾಮೆ ರಸ್ತೆ ಹುಡುಗ

ಇದನ್ನೆಲ್ಲಾ ಓದಿ ರೂಮಿನವರಿಗೆಲ್ಲಾ ಕಳಿಸಿದೆ. ಈ ವಿಮಾನಗಳನ್ನು ಹತ್ತಿರದಿಂದ ನೋಡುವುದಕ್ಕೆ ಎಲ್ಲಾದರೂ ಸಿಗುತ್ತವಾ? ಡಿಪ್ಲೊಮಾ ಆದವರಿಗೆ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗುವ ದಾರಿ ಇದೆಯಾ?

ಅರಸೀಕೆರೆ ಎಚ್‌ಎಎಲ್

ಇದೆ ತಮ್ಮ. ಐಟಿಐ, ಡಿಪ್ಲೊಮಾ ಆದವರನ್ನು ಅಪ್ರೆಂಟಿಸ್ ಆಗಿ ತಗೊಳ್ಳುತ್ತಾರೆ. ಎಚ್‌ಎಎಲ್ ವೆಬ್‌ಸೈಟಿನಲ್ಲಿ ಪ್ರಕಟಣೆ ಬರುತ್ತದೆ, ಆಗಾಗ ನೋಡುತ್ತಿರು. ಬೆಂಗಳೂರು ಒಂದೇ ಅಲ್ಲ, 2023ರಲ್ಲಿ ಶುರುವಾದ ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಗಮನಿಸು. ಹಾಸನದಿಂದ ಅದು ಬೆಂಗಳೂರಿಗಿಂತ ಹತ್ತಿರ.

ನೋಡುವುದಕ್ಕೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋಗು. ಮರುತ್ ಇದೆ. ನ್ಯಾಟ್ ಅನ್ನೇ ಸುಧಾರಿಸಿ ನಾವು ಮಾಡಿದ ಅಜೀತ್ ಇದೆ. ಬೆಳಗಿನ ರೈಲಿಗೆ ಹೊರಟರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಮರುತ್ ಮುಂದೆ ನಿಂತಾಗ ಹಿಂಭಾಗಕ್ಕೆ ಹೋಗಿ ನೋಡು, ಎರಡು ಎಂಜಿನ್ ಅಕ್ಕಪಕ್ಕ ಎಷ್ಟು ಇಕ್ಕಟ್ಟಿನಲ್ಲಿ ಕೂತಿವೆ ಅಂತ. ಬೇರೆ ಎಂಜಿನ್ ಹುಡುಕುವುದು ಯಾಕೆ ಅಷ್ಟು ಕಷ್ಟವಾಯಿತು ಅನ್ನುವುದಕ್ಕೆ ಇದೂ ಒಂದು ಕಾರಣ. ಹೋಗುವ ವಾರ ನನಗೆ ತಿಳಿಸು. ಅರಸೀಕೆರೆಯಿಂದ ನಾನೂ ಬರುತ್ತೇನೆ, ಒಂದೊಂದನ್ನೇ ತೋರಿಸಿ ಹೇಳುತ್ತೇನೆ.